ಅವ್ವನ ಎಡ ಅಂಗೈ

ಅವ್ವನ ಎಡ ಅಂಗೈಗೆ ಜಾಲಿಮುಳ್ಳು ಚುಚ್ಚಿದ್ದು ಅಜ್ಜಂಪುರದ ನಮ್ಮ ಹೊಲದ ಬೇಲಿಯಲ್ಲಿ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕಡೂರಿನಲ್ಲಿ ಓದು ಮುಗಿಸಿ ಬಂದು ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅವ್ವ ಮುಳ್ಳನ್ನು ತಾನೇ ಪಿನ್ನಿನಿಂದ ಕಿತ್ತು, ಅರಿಶಿನ ಮೆತ್ತಿ, ಯಾರಿಗೂ ಹೇಳದೆ ಈರುಳ್ಳಿ ಕೀಳಲು ಹೋದಳು. ಮುಳ್ಳಿನ ತುದಿ ಒಳಗೇ ಉಳಿದಿತ್ತು, ಮೈಯಲ್ಲಿ ಸಕ್ಕರೆ ಕಾಯಿಲೆಯೂ ಇತ್ತು. ಎರಡೂ ನಮಗೆ ಗೊತ್ತಿರಲಿಲ್ಲ. ಕೈ ಊದಿಕೊಂಡು ಬೆರಳು ಮಡಚಲಾಗದಂತಾದ ಮೇಲೆ ಅಣ್ಣನೂ ನಾನೂ ಅವಳನ್ನು ಬಸ್ಸು ಹತ್ತಿಸಿ ತರೀಕೆರೆಗೆ ಕರೆದೊಯ್ದೆವು.

ಅಲ್ಲಿ ಇಬ್ಬರು ಡಾಕ್ಟರು ಸೇರಿ ನಡೆಸುತ್ತಿದ್ದ ಒಂದು ಸಣ್ಣ ಆಸ್ಪತ್ರೆ ಇತ್ತು, ಈಗ ಅದಿಲ್ಲ. ಹಿರಿಯರು ಬೆಳಿಗ್ಗೆ ಬರುತ್ತಿದ್ದರು, ಕಿರಿಯರು ಸಂಜೆ. ಹಿರಿಯರು ಕೈ ನೋಡಿದವರೇ, "ಮಣಿಕಟ್ಟಿನ ಮೇಲಕ್ಕೆ ತೆಗೆದುಬಿಡ್ಬೇಕು. ತಡ ಮಾಡಿದ್ರೆ ವಿಷ ಏರುತ್ತೆ, ಜೀವಕ್ಕೇ ಸಂಚಕಾರ" ಎಂದರು. ಸಂಜೆ ಬಂದ ಕಿರಿಯರು ಅದೇ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಈಗಲೇ ಬೇಡ. ಕುಯ್ದು ಕೀವು ತೆಗೆದು, ಇಂಜೆಕ್ಷನ್ ಕೊಟ್ಟು ನೋಡೋಣ. ಕೈ ಉಳಿದ್ರೂ ಉಳೀಬಹುದು" ಎಂದರು. ಹಿರಿಯರ ಪ್ರಕಾರ ಗಾಯಕ್ಕೆ ಹನಿ ನೀರು ತಾಕಕೂಡದು. ಕಿರಿಯರ ಪ್ರಕಾರ ಕೈಯನ್ನು ಬಿಸಿ ಉಪ್ಪುನೀರಿನಲ್ಲಿ ಅದ್ದಬೇಕು. ಬೆಳಿಗ್ಗೆ ಕಟ್ಟಿದ ಬ್ಯಾಂಡೇಜನ್ನು ಸಂಜೆ ಬಿಚ್ಚಬೇಕಾದ ನರ್ಸಮ್ಮ, "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂದಂಗಾಯ್ತು ನಿಮ್ಮವ್ವನ ಕತೆ" ಎಂದು ಗೊಣಗುತ್ತಿದ್ದಳು.

ನನಗೆ ಸಿಟ್ಟು ಬಂದದ್ದು ಇಬ್ಬರೂ ಒಳ್ಳೆಯವರಾಗಿದ್ದರಲ್ಲ ಎಂದು. ಒಬ್ಬರಾದರೂ ದುಡ್ಡಿನಾಸೆಯವರೋ ಸೋಮಾರಿಯೋ ಆಗಿದ್ದರೆ ಇನ್ನೊಬ್ಬರನ್ನು ನಂಬಿ ಸುಮ್ಮನಿರಬಹುದಿತ್ತು. ಸಾಲದ್ದಕ್ಕೆ ಕಡೂರಿನಿಂದ ನೋಡಲು ಬಂದ ನೆಂಟರು ಕಿತ್ತಳೆ ಹಣ್ಣಿನ ಜೊತೆ ತಲೆಗೊಂದು ಸಲಹೆ ಕೊಟ್ಟು ಹೋದರು. ಹಣ್ಣನ್ನಾದರೂ ಹಂಚಿ ತಿಂದೆವು.

ಅಣ್ಣನೂ ನಾನೂ ಹಿರಿಯರ ಕಡೆಗಿದ್ದೆವು. ಅಪ್ಪ ಆಗಲೇ ಇರಲಿಲ್ಲ. ಅವ್ವನೂ ಹೋದರೆ ಎಂಬ ಹೆದರಿಕೆಯ ಮುಂದೆ ಒಂದು ಕೈ ನಮಗೆ ದೊಡ್ಡದಾಗಿ ಕಾಣಲಿಲ್ಲ. ಅವಳನ್ನು ಒಪ್ಪಿಸಿ ಎಂದು ನಾನೇ ಹಿರಿಯ ಡಾಕ್ಟರನ್ನು ಕೇಳಿಕೊಂಡೆ. ಅವರು ಮಂಚದ ಪಕ್ಕ ನಿಂತು ತುಂಬ ಮೆದುವಾಗಿ ಹೇಳಿದರು: "ಎಡಗೈ ತಾನೇ ಅಮ್ಮಾ? ಊಟ ಮಾಡೋ ಕೈ ಉಳೀತಲ್ಲ, ಪುಣ್ಯ ಅನ್ಕೊಳ್ಳಿ."

"ಊಟಕ್ಕೇನು ಸ್ವಾಮಿ, ಯಾವ ಕೈಲಾದ್ರೂ ಆಯ್ತದೆ. ಬೇಕಾದ್ರೆ ಬಲಗೈ ತಗಳ್ರಿ. ಎಡಗೈ ಬಿಡ್ರಿ" ಎಂದಳು ಅವ್ವ.

ಜ್ವರಕ್ಕೆ ಬಡಬಡಿಸುತ್ತಿದ್ದಾಳೆಂದು ತಿಳಿದು ಅವರು ಹಣೆ ಮುಟ್ಟಿ ನೋಡಿದರು. ಬಡಬಡಿಕೆ ಅಲ್ಲವೆಂದು ನನಗೆ ಗೊತ್ತಿತ್ತು. ನಾವು ಲಿಂಗ ಕಟ್ಟಿಕೊಂಡವರು. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿದ ಮೇಲೆಯೇ ಅವ್ವನ ಬಾಯಿಗೆ ಕಾಫಿ ಬೀಳುತ್ತಿದ್ದದ್ದು. ಅವಳಿಗೆ ಬೇರೆ ಗುಡಿಯ ಹಂಬಲವೇ ಇರಲಿಲ್ಲ, ಆ ಅಂಗೈಯೇ ಗುಡಿ. ಡಾಕ್ಟರು ಬೇರೆ ಸೀಮೆಯವರು, ಅವರ ಲೆಕ್ಕದಲ್ಲಿ ಎಡಗೈ ಎಂದರೆ ಕೀಳು ಕೈ. ಇದನ್ನೆಲ್ಲ ಅವರಿಗೆ ವಿವರಿಸಿದೆ. ಅವರು ನಗಲಿಲ್ಲ, ಆದರೆ ಮಾತು ಬದಲಿಸಲೂ ಇಲ್ಲ.

ಅವ್ವ ಕಿರಿಯರ ಪಕ್ಷ ಸೇರಿಬಿಟ್ಟಳು. ಅದಕ್ಕೆ ಅವಳ ಕಾರಣವೇ ಬೇರೆ. ಉಪ್ಪುನೀರಿನ ಚಿಕಿತ್ಸೆಯಲ್ಲಿ ಅಂಗೈ ಒದ್ದೆಯಾಗಲೇಬೇಕಿತ್ತಲ್ಲ, ಪೂಜೆಯ ನೀರು ಬಿದ್ದರೂ ಬೈಯುವವರಿರಲಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಬೆಳಿಗ್ಗೆ ಹಿರಿಯರು ಬರುವ ಮೊದಲೇ ಅವಳು ಎದ್ದು ಕೂತು, ಊದಿದ ಅಂಗೈ ಮೇಲೆ ಹಲ್ಲು ಕಚ್ಚಿಕೊಂಡು ಲಿಂಗ ಇಟ್ಟುಕೊಳ್ಳುತ್ತಿದ್ದಳು. ಅದರ ಭಾರಕ್ಕೇ ಕಣ್ಣಲ್ಲಿ ನೀರು ತುಂಬುತ್ತಿತ್ತು. ನನಗೆ ನೋಡಲಾಗದೆ ಹೊರಗೆ ಬಂದು ನಿಲ್ಲುತ್ತಿದ್ದೆ.

ಕೊನೆಗೆ ಅಣ್ಣ ಮಠಕ್ಕೆ ಹೋಗಿ ನಮ್ಮ ಸ್ವಾಮಿಗಳಾದ ಬುದ್ಧಿಯವರನ್ನೇ ಕೇಳಿಕೊಂಡು ಬಂದ. "ದೇಹ ಇದ್ರೆ ತಾನೇ ಲಿಂಗ? ಶಿವನಿಗೆ ಎಡ ಬಲ ಅನ್ನೋ ಭೇದ ಇಲ್ಲ, ಬಲಗೈಲಿ ಹಿಡಿದು ಪೂಜೆ ಮಾಡ್ಲಿ ಅಂದ್ರು ಕಣವ್ವ" ಎಂದ.

"ಇಬ್ರು ಡಾಕ್ಟ್ರು ಸಾಲ್ದು ಅಂತ ಮೂರನೆಯೋರನ್ನೂ ಕೇಳ್ಕಂಡ್ ಬಂದ್ಯೇನಪ್ಪಾ?" ಎಂದು ಅವ್ವ ನಕ್ಕಳು. ಆ ಆಸ್ಪತ್ರೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಆದರೆ ಜ್ವರ ಇಳಿಯಲಿಲ್ಲ. ಅಂಗೈಯ ಕೆಂಪು ಮಣಿಕಟ್ಟನ್ನು ದಾಟಿ ಮೇಲೇರಿತು, ಬೆರಳ ತುದಿಗಳು ಕಪ್ಪಾದವು. ಒಂದು ಬೆಳಿಗ್ಗೆ ಕಿರಿಯ ಡಾಕ್ಟರು ತಮ್ಮ ಹೊತ್ತಲ್ಲದ ಹೊತ್ತಿನಲ್ಲಿ ಬಂದರು, ಹಿರಿಯರ ಜೊತೆಯಲ್ಲೇ. ಬಂದವರು ಸ್ಟೂಲ್ ಎಳೆದುಕೊಂಡು ಕೂತು, "ಅಮ್ಮಾ, ನನ್ನ ಕೈಲಾದಷ್ಟು ಮಾಡ್ದೆ. ಇನ್ನು ಅವರು ಹೇಳೋದೇ ಸರಿ" ಎಂದರು.

ಅವ್ವ ಇಬ್ಬರ ಮುಖವನ್ನೂ ನೋಡಿದಳು. "ಅಂತೂ ಇಬ್ರೂ ಒಂದಾದ್ರಾ" ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿದಳು.

ಅಷ್ಟು ದಿನ ಇವರಿಬ್ಬರಿಗೂ ಒಂದೇ ಮಾತು ಬರಲಿ ಎಂದು ಹರಸಿಕೊಂಡವಳು ನಾನು. ಬಂದ ಮೇಲೆ ತಿಳಿಯಿತು: ಅವರು ಜಗಳವಾಡುತ್ತಿದ್ದಷ್ಟು ದಿನ ಅವ್ವನ ಕೈಗೊಂದು ದಾರಿ ಇತ್ತು. ನಾವು ಬೈದುಕೊಂಡ ಆ ಗೊಂದಲದಲ್ಲೇ ಅವಳ ಆಸೆ ಉಸಿರಾಡಿಕೊಂಡಿತ್ತು. ಡಾಕ್ಟರುಗಳ ನಡುವೆ ಮಾತು ಹೊಂದುವುದಿಲ್ಲವೆಂದು ಯಾರಾದರೂ ದೂರಿದರೆ ಇವತ್ತಿಗೂ ನಾನು ತಲೆಯಾಡಿಸುವುದಿಲ್ಲ.

ಕೈ ತೆಗೆದರು. ಜ್ವರ ಬಿಟ್ಟಿತು, ಜೀವ ಉಳಿಯಿತು. ಎದ್ದು ಕೂರುವಷ್ಟು ಚೇತರಿಸಿಕೊಂಡ ದಿನ ಅವ್ವ ಬೆಳಿಗ್ಗೆಯೇ ನನ್ನಿಂದ ಮುಖ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡಳು. ಒಂದೇ ಕೈಯಲ್ಲಿ ತಡಕಾಡಿ ಕರಡಿಗೆ ಬಿಚ್ಚಿದಳು. ಅಣ್ಣ, "ಬುದ್ಧಿಯೋರು ಹೇಳಿದಂಗೆ ಬಲಗೈಲೇ ಹಿಡ್ಕವ್ವ" ಎಂದ.

"ಹಿಡ್ಕಂತೀನಿ. ನೀರು ಎರೆಯೋದು ಯಾವ ಕೈಲಿ?"

ಡಾಕ್ಟರಿಗೆ, ಬುದ್ಧಿಯವರಿಗೆ, ಕಡೂರಿನ ನೆಂಟರಿಗೆ, ಓದಿದವಳೆಂದು ಮೆರೆಯುತ್ತಿದ್ದ ನನಗೆ, ಇಷ್ಟು ಜನರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಅವ್ವನಿಗೆ ಮಾತ್ರ ಅಣ್ಣ ಮಠದಿಂದ ಬಂದ ದಿನವೇ ಗೊತ್ತಿತ್ತು.

"ಬಾರೇ ಇಲ್ಲಿ. ಸ್ನಾನ ಆಯ್ತಾ?" ಎಂದಳು ನನಗೆ.

ಆಗಿತ್ತು.

"ಕೈ ನೀಡು."

ನಮ್ಮಲ್ಲಿ ಒಬ್ಬರ ಲಿಂಗವನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಚಿಕ್ಕಂದಿನಲ್ಲಿ ಅವಳ ಕರಡಿಗೆ ಮುಟ್ಟಲು ಹೋಗಿ ಪೆಟ್ಟು ತಿಂದಿದ್ದೇನೆ. ಅಣ್ಣ ನೀರಿನ ತಂಬಿಗೆಯನ್ನು ಅವಳ ಹತ್ತಿರಕ್ಕೆ ಸರಿಸಿದ. ನಾನು ಎಡಗೈ ಚಾಚಿದೆ. ಅವ್ವ ಅಂಗೈಯನ್ನು ತನಗೆ ಬೇಕಾದಂತೆ ತಗ್ಗು ಮಾಡಿ, ಬೆರಳುಗಳನ್ನು ಒಂದೊಂದಾಗಿ ಜೋಡಿಸಿ, ಅದರ ಮೇಲೆ ಲಿಂಗ ಇಟ್ಟಳು. ಅವಳ ಎದೆಯ ಬಿಸಿ ಅದಕ್ಕೆ ಇನ್ನೂ ಅಂಟಿಕೊಂಡಿತ್ತು. ನೀರೆರೆದಳು. ನನಗೆ ಅಳು ತಡೆಯಲಾಗಲಿಲ್ಲ, ಕೈ ನಡುಗಿತು.

"ಅಲ್ಲಾಡಿಸ್ಬೇಡ ಕಣೇ," ಎಂದಳು ಅವ್ವ, "ಅದು ನನ್ ಕೈ."