ಸುಂದ್ರವ್ವ ಕುಡಿ ಚಿವುಟಿದ್ದು

ಅಕ್ಕೋಳದ ಶಾಲೆಯ ಗೋಡೆಯ ಮೇಲೆ ಗಿಡ ಬೆಳೆಸುವ ಬಗ್ಗೆ ನಾಲ್ಕು ಘೋಷಣೆಗಳಿದ್ದವು. ಅವನ್ನು ಓದಿ ಒಂದು ಮಗುವೂ ಗಿಡ ನೆಟ್ಟದ್ದಿಲ್ಲ. ಉತ್ತಮ ಎಂಬ ಹೆಸರಿನ ಮಾಸ್ತರರು ಎರಡು ವರ್ಷ ಭಾಷಣ ಮಾಡಿ ನೋಡಿದರು; ಕೈತೋಟದಲ್ಲಿ ಕಸ ಮಾತ್ರ ಹುಲುಸಾಗಿ ಬೆಳೆಯಿತು. ಕಡೆಗೆ ಮಕ್ಕಳನ್ನು ಮಣ್ಣಿಗಿಳಿಸಿದವಳು ಬಿಸಿಯೂಟ ಬೇಯಿಸುವ ಸುಂದ್ರವ್ವ.

ಅಡುಗೆಗೆ ಸೇರುವ ಮುಂಚೆ ಅವಳು ಇಪ್ಪತ್ತೈದು ವರ್ಷ ಕಂಡವರ ತಂಬಾಕಿನ ಹೊಲದಲ್ಲಿ ದುಡಿದವಳು. ತಂಬಾಕು ಹೂವಿಗೆ ಬಂತೆಂದರೆ ಅದರ ತಲೆ ಚಿವುಟಬೇಕು, ಸತ್ವವೆಲ್ಲ ಎಲೆಗಿಳಿಯಬೇಕು. ಆಮೇಲೆ ಬಗಲಲ್ಲಿ ಒಡೆಯುವ ಕುಡಿಗಳನ್ನೂ ಬಿಡದೆ ಚಿವುಟಬೇಕು. ಈ ಕೆಲಸದಲ್ಲಿ ಸುಂದ್ರವ್ವನನ್ನು ಮೀರಿಸುವವರಿರಲಿಲ್ಲ. ಆದರೆ ತನ್ನದೆನ್ನಲು ಅವಳಿಗೆ ಒಂದು ಗಿಡ ಊರುವಷ್ಟು ನೆಲವೂ ಇರಲಿಲ್ಲ. ತನ್ನದಲ್ಲದ ಗಿಡದ ಮೇಲೆ ಯಾರಿಗೂ ಜೀವ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಜುಲೈ ತಿಂಗಳಲ್ಲಿ ಅವಳು ಮಕ್ಕಳ ಕೈಗೆ ಒಂದೊಂದು ಮೆಣಸಿನ ಸಸಿ ಕೊಟ್ಟಳು.

"ಇದು ಶಾಲೀದಲ್ಲ, ನಿಂದು. ಹೆಸರಿಟ್ಟು ಊರು."

ಅಷ್ಟೇ ಸಾಕಾಯಿತು. ಕೋಮಲ ತನ್ನ ಗಿಡಕ್ಕೆ ಅಜ್ಜನ ಹೆಸರಿಟ್ಟು, "ದಾದಾಸಾಹೇಬ, ನೆಟ್ಟಗ ನಿಂದ್ರ!" ಎಂದು ಗದರಿಸತೊಡಗಿದಳು. ತನ್ವೀರ ಮಳೆಯಲ್ಲಿ ತಾನು ನೆನೆದು ಗಿಡಕ್ಕೆ ಛತ್ರಿ ಹಿಡಿದ. ಗಂಟೆ ಬಾರಿಸುವ ಮೊದಲೇ ಮೂವತ್ತೆರಡು ಮಕ್ಕಳು ತೋಟದಲ್ಲಿರುತ್ತಿದ್ದರು. ಒಲೆಯ ಮುಂದೆ ಕೂತು ಅದನ್ನು ನೋಡುವಾಗ ಸುಂದ್ರವ್ವನಿಗೆ ಎದೆ ತುಂಬಿ ಬರುತ್ತಿತ್ತು. ಜನ್ಮದಲ್ಲಿ ಅವಳು ತನ್ನದೆಂದು ಬೆಳೆಸಿದ್ದು ಅದೊಂದೇ.

ಒಂದು ಮಧ್ಯಾಹ್ನ ಊಟವಾದ ಮೇಲೆ ಕೋಮಲ ತಮ್ಮ ಮನೆಯ ಎಮ್ಮೆ ಕರು ಹಾಕಿದ ಕಥೆ ಶುರು ಮಾಡಿದಳು. ಸುಂದ್ರವ್ವ ಹೂಂಗುಡುತ್ತ ಮೆಣಸಿನ ಗಿಡಗಳ ಸಾಲಿನಲ್ಲಿ ನಡೆದಳು. ಕಿವಿ ಎಮ್ಮೆಯ ಕಡೆ, ಕೈ ತನ್ನ ಹಳೆಯ ಕೆಲಸದ ಕಡೆ. ಕರು ಎದ್ದು ನಿಲ್ಲುವ ಹೊತ್ತಿಗೆ ಅವಳು ಸಾಲಿನ ತುದಿಗೆ ಬಂದಿದ್ದಳು. ಹಿಂತಿರುಗಿ ನೋಡಿದರೆ ಮೂವತ್ತೊಂದು ಗಿಡಗಳ ತಲೆ ನೆಲದ ಮೇಲಿದ್ದವು.

"ಆಯಿ! ದಾದಾಸಾಹೇಬನ ತಲಿ ಮುರದೀ ಬೇ!" ಎಂದು ಕೋಮಲ ಕಿರುಚಿದಳು.

ಸುಂದ್ರವ್ವ ಬಿದ್ದ ಕುಡಿಯೊಂದನ್ನು ಎತ್ತಿಕೊಂಡಳು. "ಗೊತ್ತಾಗ್ಲಿಲ್ಲವ್ವ, ಕೈ ತಾನ ಹೋತು," ಎಂದಳು. ಯಾರು ನಂಬುತ್ತಾರೆ? ಉಳಿದದ್ದು ಸಾಲಿನ ತುದಿಯ ತಸ್ಲೀಮಳ ಗಿಡವೊಂದೇ. ಆ ಹುಡುಗಿ ಮರುದಿನ ಜಾಲಿಮುಳ್ಳು ತಂದು ತನ್ನ ಗಿಡದ ಸುತ್ತ ಬೇಲಿ ಕಟ್ಟಿದಳು. ಅದು ದನಕ್ಕೆ ಕಟ್ಟಿದ್ದಲ್ಲ, ತನಗೆ ಕಟ್ಟಿದ್ದು ಎಂದು ಸುಂದ್ರವ್ವನಿಗೆ ತಿಳಿಯಿತು.

ಮಕ್ಕಳು ತೋಟಕ್ಕೆ ಬರುವುದು ನಿಂತೇಹೋಯಿತು.

"ಬಿಡ್ರಿ ಸುಂದ್ರವ್ವ, ಹುಡುಗ್ರು ನಾಕ ದಿನಕ್ಕ ಮರೀತಾವ," ಎಂದರು ಮಾಸ್ತರರು.

ಗಿಡಗಳನ್ನೇ ಮರೆತುಬಿಟ್ಟಾರು ಎಂಬುದೇ ಅವಳ ಭಯ. ತಲೆ ಹೋದ ಗಿಡಗಳಿಗೆ ಅವಳೊಬ್ಬಳೇ ನೀರು ಹೊತ್ತಳು. ಅನ್ನ ಸೇರಲಿಲ್ಲ.

ಹತ್ತನೆಯ ದಿನ ಬಗ್ಗಿ ನೋಡಿದರೆ ಎಲೆಎಲೆಯ ಬುಡದಲ್ಲಿ ಎಳೆಗುಡಿ! ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಳ್ಳಲ್ಲ. ಅವಳ ಬೆರಳು ಆಗಲೇ ಅದರತ್ತ ಹೊರಟಿತ್ತು. ತಂಬಾಕಿನಲ್ಲಿ ಈ ಬಗಲುಕುಡಿಯೇ ವೈರಿ. ಗಬಕ್ಕನೆ ಕೈ ಹಿಂದಕ್ಕೆ ಕಟ್ಟಿಕೊಂಡು, "ಏ ಕೋಮಲ, ಓಡಿ ಬಾರವ್ವ! ನಿಮ್ಮ ದಾದಾಸಾಹೇಬ ಬದಕ್ಯಾನ!" ಎಂದು ಕೂಗಿದಳು. ಕೋಮಲಳ ಹಿಂದೆ ಇಡೀ ತರಗತಿಯೇ ಓಡಿ ಬಂತು. ಸುಂದ್ರವ್ವನಿಗೆ ಹೋದ ಜೀವ ಬಂದಂತಾಯಿತು.

ತಿಂಗಳಾಗುವಷ್ಟರಲ್ಲಿ ತಲೆ ಹೋದ ಒಂದೊಂದು ಗಿಡಕ್ಕೂ ಐದಾರು ಕವಲು, ಮೈತುಂಬ ಹೂವು. ತಸ್ಲೀಮಳದು ಮಾತ್ರ ಕೋಲಿನ ಹಾಗೆ ಉದ್ದಕ್ಕೆ ನಿಂತಿತ್ತು.

ಒಂದು ಬೆಳಿಗ್ಗೆ ತಸ್ಲೀಮ ತಾನೇ ಮುಳ್ಳು ಕಿತ್ತು ಬದಿಗಿಟ್ಟು, ಅಡುಗೆಮನೆಗೆ ಬಂದು ಸುಂದ್ರವ್ವನ ಸೆರಗು ಜಗ್ಗಿದಳು.

"ಆಯಿ, ನಂದೂ ಚಿವುಟ."

"ನೀನ ಚಿವುಟ ಬೇ, ನಿನ್ನ ಗಿಡ."

"ಒಲ್ಲೆ, ನಿನ್ನ ಕೈಲೇ ಆಗಬೇಕು."

ಲಕ್ಷಗಟ್ಟಲೆ ಕುಡಿ ಮುರಿದ ಆ ಕೈ ಹಿಡಿದು ತಸ್ಲೀಮ ಅವಳನ್ನು ತೋಟಕ್ಕೆ ಕರೆದೊಯ್ದಳು. ಕಣ್ಣೊರೆಸಿಕೊಂಡು ಸುಂದ್ರವ್ವ ಮೆಲ್ಲಗೆ ಚಿವುಟಿದಳು. ತಸ್ಲೀಮ ಗಿಡಕ್ಕೆ ನೀರು ಹಾಕಿ, ಮುಳ್ಳನ್ನು ಎತ್ತಿ ಹೊರಗೆ ಒಗೆದು, ತರಗತಿಗೆ ಹೋದಳು.