ಕಾಲರಿನೊಳಗಿನ ಕೆಂಪು ಹೊಲಿಗೆ

"ಸೂಜಿ ಮಾತ್ರ ಮುಟ್ಟಬೇಡಿ" ಎಂದು ಸಾಕ್ಷಿ ರಕ್ಷಣಾ ದಳದ ಮೇಡಂ ಬಿಡಿಸಿ ಬಿಡಿಸಿ ಹೇಳಿದ್ದರು. ಸರ್ಕಾರ ಊರು ಬದಲಿಸಿತ್ತು, ಹೆಸರು ಬದಲಿಸಿತ್ತು, ಬಾಡಿಗೆಗೆ ಮನೆ ಹಿಡಿದು, ಮಗಳನ್ನು ಶಾಲೆಗೆ ಸೇರಿಸಿ, ಸಾಬೂನಿನ ಗೋದಾಮಿನಲ್ಲಿ ಕೆಲಸವನ್ನೂ ಕೊಡಿಸಿತ್ತು. ಟೈಲರ್ ತಾನು ಟೈಲರ್ ಅನ್ನುವುದನ್ನು ಕೇಸು ಮುಗಿಯುವ ತನಕ ಮರೆತರೆ ಸಾಕಿತ್ತು. ಮರೆಯಬೇಕಲ್ಲ, ಪುಣ್ಯಾತ್ಮ!

ಅವನು ಕಂಡದ್ದು ಕೊಲೆ. ಟೈಲರನ ಅಂಗಡಿಯ ಎದುರು ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಗೆಳೆಯ ಜಾಗ ಬಿಡುವುದಿಲ್ಲ ಎಂದದ್ದಕ್ಕೆ ಗುತ್ತಿಗೆದಾರನೊಬ್ಬ ಹಾಡಹಗಲೇ ಚೂರಿ ಹಾಕಿದ್ದ. ಬೀದಿ ತುಂಬ ಜನ, ಆದರೆ ಒಬ್ಬರಿಗೂ ಏನೂ ಕಾಣಿಸಲಿಲ್ಲವಂತೆ. ಕಂಡೆ ಎಂದವನು ಟೈಲರ್ ಒಬ್ಬನೇ. "ಊರಿಗಿಲ್ಲದ ಉಸಾಬರಿ ನಿಮಗ್ಯಾಕ್ರೀ?" ಎಂದು ಹೆಂಡತಿ ಅಂದೇ ಹಣೆ ಚಚ್ಚಿಕೊಂಡಿದ್ದಳು.

ಹೊಸ ಮನೆಯ ಮಹಡಿಯಲ್ಲಿ ಒಬ್ಬ ಅಜ್ಜಿಯಿದ್ದಳು. ಊರೂರು ಸುತ್ತಿ ಔಷಧಿ ಮಾರುವ ಮಗ ಅವಳಿಗೆ. ಅವನ ಕೋಟಿನ ಒಂದು ಭುಜ ಮೇಲೆ, ಒಂದು ಕೆಳಗೆ. ಮೆಟ್ಟಿಲಲ್ಲಿ ಅವನು ಎದುರಾದಾಗಲೆಲ್ಲ ಟೈಲರನ ಕೈ ಕಡಿಯುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ಒಂದು ಭಾನುವಾರ ಕದ ಹಾಕಿಕೊಂಡು ಆ ಕೋಟನ್ನು ಬಿಚ್ಚಿ, ತಿದ್ದಿ ಕೊಟ್ಟೇಬಿಟ್ಟ. ಬಟ್ಟೆ ಕೈಬಿಡುವ ಮುಂಚೆ ಕಾಲರಿನ ಒಳಗೆ ಕೆಂಪು ದಾರದಲ್ಲಿ ಒಂದು ಅಡ್ಡ ಹೊಲಿಗೆ ಹಾಕುವುದು ಅವನ ಅಪ್ಪ ಕಲಿಸಿದ ರೂಢಿ, ತೊಟ್ಟವರು ಚೆನ್ನಾಗಿರಲಿ ಅಂತ. ಕೈ ಅದನ್ನೂ ಹಾಕಿತು. ಅವನಿಗೆ ಗೊತ್ತೇ ಆಗಲಿಲ್ಲ.

ಅಜ್ಜಿಯ ಮಗ ಅದೇ ಕೋಟು ತೊಟ್ಟು ಟೈಲರನ ಹಳೆಯ ಊರಿಗೂ ಹೋದ. ಆ ಊರಲ್ಲಿ ಕೆಂಪು ಹೊಲಿಗೆ ಯಾರ ಕೈಯದೆಂದು ಎಲ್ಲರಿಗೂ ಗೊತ್ತು. ಕೋಟನ್ನು ಒಗೆಯಲು ಕೊಟ್ಟ ಅಂಗಡಿಯಲ್ಲಿ ಯಾರೋ ಕಾಲರ್ ಮಗುಚಿ ನೋಡಿದರು, ಹೊಲಿದವರಾರೆಂದು ಕೇಳಿದರು. ಆ ಪೆದ್ದ ಹೆಮ್ಮೆಯಿಂದ ವಿಳಾಸವನ್ನೂ ಹೇಳಿ ಬಂದ.

ವಾರ ಕಳೆಯುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಹೆಂಡತಿ ಸರಪಳಿ ತೆಗೆಯದೆ ಇಣುಕಿದಳು; ಹೊರಗೆ ಗುರುತಿಲ್ಲದ ಗಂಡಸೊಬ್ಬ. ಟೈಲರ್ ಕದದ ಹಿಂದೆ ಉಸಿರು ಬಿಗಿಹಿಡಿದು ನಿಂತ.

"ಇಲ್ಲಿ ಕೋಟು ಚೆನ್ನಾಗಿ ಹೊಲಿಯೋರು ಇದಾರಂತೆ?"

"ನಮ್ಮನೆಯವರಾ? ಅವರಿಗೆ ಕಿತ್ತೋದ ಗುಂಡಿ ಹಾಕೋಕೂ ನಾನೇ ಬೇಕು!" ಎಂದು ಅವಳು ನಕ್ಕಳು. ಬೆನ್ನ ಹಿಂದೆ ಕೈಸನ್ನೆ ಮಾಡಿ ಗಂಡನನ್ನು ಒಳಕೋಣೆಗೆ ಹೋಗೆಂದಳು.

"ಹಂಗಾದ್ರೆ ಕೆಂಪು ದಾರ ನೀವೇ ಹಾಕಿದ್ದಾ ಅಕ್ಕಾ?" ಆತನೂ ನಕ್ಕ. "ಅಣ್ಣಂಗೆ ಹೇಳಿ, ಕೋರ್ಟಲ್ಲಿ ಸ್ವಲ್ಪ ಕಣ್ಣು ಮಂಜಾಗ್ಲಿ. ಮಗಳ ಸ್ಕೂಲು ನೋಡ್ಕೊಂಡೇ ಬಂದೆ."

ಫೋನು ಮಾಡಿದ್ದೇ ತಡ, ಮೇಡಂ ಮಗಳನ್ನು ಶಾಲೆಯಿಂದ ಕರೆದುಕೊಂಡೇ ಜೀಪಿನಲ್ಲಿ ಬಂದರು. ಒಲೆಯ ಮೇಲಿನ ಪಾತ್ರೆಯನ್ನೂ ಇದ್ದಲ್ಲೇ ಬಿಟ್ಟು ಹೊರಟರು. ಆಮೇಲೆ ವಿಚಾರಣೆಯ ದಿನದವರೆಗೂ ಬೀಗ ಹಾಕಿದ ಅತಿಥಿಗೃಹವೇ ಮನೆ. ಹೆಂಡತಿ ಬಯ್ಯಲಿಲ್ಲ. "ಏನೂ ನೋಡಿಲ್ಲ ಅಂದ್ಬಿಡಿ. ನಂಗೆ ನನ್ನ ಮಗಳು ಬೇಕು" ಎಂದಳು, ಅಷ್ಟೇ. ಅವನು ಅವಳ ಕೈ ಹಿಡಿದು ಆಗಲಿ ಎಂದ. ನಿಜವಾಗಿಯೂ ಹಾಗೇ ನಿರ್ಧರಿಸಿದ್ದ.

ಕೋರ್ಟಿನಲ್ಲಿ ಅವನಿಗೂ ಗುತ್ತಿಗೆದಾರನಿಗೂ ನಡುವೆ ಪರದೆ ಕಟ್ಟಿದ್ದರು. ಆಚೆಯಿಂದ ಗುತ್ತಿಗೆದಾರ ಕೆಮ್ಮಿದ. ಸರ್ಕಾರಿ ವಕೀಲರು ಸತ್ತವನ ಅಂಗಿಯನ್ನು ಮುಂದೆ ಹಿಡಿದು, "ಇದು ಗುರುತು ಸಿಗುತ್ತಾ?" ಎಂದರು.

ಇಸ್ತ್ರಿಯವನು ಜೀವಮಾನವೆಲ್ಲ ಕಂಡವರ ಬಟ್ಟೆಯ ಸುಕ್ಕು ತೆಗೆದವನು. ತನಗೆಂದು ಅವನು ಹೊಲಿಸಿದ ಒಂದೇ ಅಂಗಿ ಅದು. ಕಲೆ ಕಪ್ಪಗೆ ಒಣಗಿತ್ತು. ಟೈಲರನ ಬೆರಳು ತಾನಾಗಿಯೇ ಕಾಲರನ್ನು ಮಗುಚಿತು. ಕೆಂಪು ಹೊಲಿಗೆ ಅಲ್ಲೇ ಇತ್ತು. ತೊಟ್ಟವನು ಚೆನ್ನಾಗಿರಲಿ ಅಂತ ಹಾಕಿದ್ದು.

"ನಾನೇ ಹೊಲಿದದ್ದು, ಸ್ವಾಮಿ" ಎಂದ. "ಇದನ್ನ ಹಾಕ್ಕೊಂಡಿದ್ದೋನ್ನ ಕೊಂದಿದ್ದು ಆ ಗುತ್ತಿಗೆದಾರ. ನಾನು ಕಣ್ಣಾರೆ ನೋಡ್ದೆ."

ಹಿಂದಿನ ಬಾಗಿಲಲ್ಲಿ ಜೀಪು ನಿಂತಿತ್ತು. ಮಗಳು ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

"ನೋಡಿಲ್ಲ ಅಂದ್ರಾ?" ಎಂದು ಹೆಂಡತಿ ಕೇಳಿದಳು.

"ನೋಡ್ದೆ ಅಂದೆ."

ಅವಳು ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದಳು. ಆಮೇಲೆ ಮಗಳ ಕಾಲು ಮಡಿಸಿ, ಅವನಿಗೆ ಕೂರಲು ಜಾಗ ಮಾಡಿಕೊಟ್ಟಳು.