ಸೂರಜ್ ಮುಟ್ಟದೆ ಬಿಟ್ಟ ಪಾತ್ರೆ

ಮಲ್ಕಾಜ್‌ಗಿರಿಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಹಾರ್ಮೋನಿಯಂ ನುಡಿಸುವ ಸೂರಜ್‌ಗೆ ಕೀರ್ತನೆಗಳನ್ನು ಓಡಿಸುವ ಚಟ. ಬೆಟಗೇರಿಯ ಹುಡುಗ, ಗಚ್ಚಿಬೌಲಿಯ ಕಂಪನಿಯೊಂದರಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವನ ಉದ್ಯೋಗ. ಗಾಜಿನ ಕಟ್ಟಡಗಳು ಒಂದರ ಹಿಂದೊಂದು ತಲೆಯೆತ್ತುತ್ತಿದ್ದ ಆ ವರ್ಷಗಳಲ್ಲಿ ಅವನಂಥವರಿಗೆ ಬಿಡುವೆಂಬುದೇ ಇರಲಿಲ್ಲ. ಆದರೂ ಭಾನುವಾರ, ನಿದ್ದೆಗಣ್ಣಿನಲ್ಲಾದರೂ ಸರಿ, ಆರಾಧನೆಗೆ ಹಾಜರಾಗುತ್ತಿದ್ದ. ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಬಂದು ಎಳೆದು ನೋಡುವ ಸ್ವಭಾವ ಅವನದು.

ಅವನ ಓಟಕ್ಕೆ ಲಗಾಮು ಹಾಕುತ್ತಿದ್ದವರು ಸಭೆಯ ಹಿರಿಯರೂ ರೈಲ್ವೆಯ ನಿವೃತ್ತ ಗಾರ್ಡೂ ಆದ ಮೋಹನಪ್ಪನವರು.

“ಲೇ ತಮ್ಮಾ, ಇದು ಕೀರ್ತನಿ, ಎಕ್ಸ್‌ಪ್ರೆಸ್ ಗಾಡಿ ಅಲ್ಲ. ಮುದುಕ್ರು ಉಸಿರು ತಗೊಳ್ಳಾಕ ಒಂದು ಸ್ಟೇಷನ್ನರ ಬ್ಯಾಡೇನು?”

“ಕಾಕಾ, ನಿಮ್ಮದು ಗೂಡ್ಸ್ ಗಾಡಿ ಬಿಡ್ರಿ!”

ಈ ಜಟಾಪಟಿಯಾದ ಮರುವಾರವೇ, ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಆರಾಧನೆ ಬಂತು. ನಮ್ಮಲ್ಲಿ ಎಲ್ಲರಿಗೂ ದ್ರಾಕ್ಷಾರಸದ ಪಾತ್ರೆ ಒಂದೇ. ಸಭೆಯವರೊಡನೆ ಮನಸ್ತಾಪವಿರುವವನು ಅದನ್ನು ಮುಟ್ಟದೆ ಮುಂದಕ್ಕೆ ಬಿಡಬೇಕು. ಯಾರ ಮೇಲೆ ಮನಸ್ತಾಪವೋ ಅವನು ಆ ವಾರದೊಳಗೆ ಇವನ ಮನೆಗೆ ಹೋಗಿ ರಾಜಿಯಾಗಬೇಕು. ಇದು ನಮ್ಮ ಹಿರಿಯರು ಊರಿನಿಂದ ತಂದ ಪದ್ಧತಿ. ಅಂದು ಪಾತ್ರೆ ಸಮೀಪಿಸಿದಾಗ ಸೂರಜ್ ಬೆಚ್ಚಿ ಹಿಂದೆ ಸರಿದ. ಎಲ್ಲರ ಕಣ್ಣುಗಳೂ ಮೋಹನಪ್ಪನವರತ್ತ ತಿರುಗಿದವು.

ಮರುದಿನ ಸಂಜೆಯೇ ಅವರು, ಉಪದೇಶ ಮಾಡುವವನೆಂಬ ಕಾರಣಕ್ಕೆ ನನ್ನನ್ನೂ ಜೊತೆಗೆ ಕರೆದುಕೊಂಡು, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಸೂರಜ್‌ನ ಕೋಣೆಗೆ ಹೊರಟರು.

“ತಪ್ಪಾತಪಾ. ಇನ್ನ ಮ್ಯಾಲೆ ಬೇಕಾದಂಗ ಓಡಿಸು. ನಾನೇ ಹಸಿರು ಬಾವುಟ ಹಿಡೀತೀನಿ.”

ಸೂರಜ್‌ನ ಕಣ್ಣು ತುಂಬಿತು. “ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಕಾಕಾ. ನನಗ ಎಚ್‌ಐವಿ ಬಂದೈತೇನೋ ಅಂತ ಅಂಜಿಕಿ. ಅದ ಪಾತ್ರಿಯೊಳಗ ನೀವೆಲ್ಲಾರೂ ಕುಡೀತೀರಿ, ನನ್ನಿಂದ ನಿಮಗ ಹತ್ತಿದ್ರ?”

ಈಚೆಗೆ ಆಫೀಸಿನ ಪ್ರವಾಸದಲ್ಲಿ ಪರಿಚಯವಾದ ಒಬ್ಬಳೊಡನೆ, ಇಬ್ಬರ ಒಪ್ಪಿಗೆಯಿಂದಲೇ, ಅವನು ಕೂಡಿದ್ದ. ಕಾಂಡೋಮ್ ಬಳಸಿದ್ದ, ಅದು ಹರಿದಿರಲಿಲ್ಲ, ಜಾರಿರಲಿಲ್ಲ. ಬೀಗ ಎಳೆದು ನೋಡುವವನು ಅದನ್ನು ನೋಡದೆ ಬಿಟ್ಟಾನೆಯೇ? ಆದರೂ ಇಂಟರ್‌ನೆಟ್ಟಿನಲ್ಲಿ ಓದಿದ ಪ್ರತಿಯೊಂದು ರೋಗಲಕ್ಷಣವೂ ಸಂಜೆಯ ಹೊತ್ತಿಗೆ ಅವನ ಮೈಯಲ್ಲಿ ಕಾಣಿಸಿಕೊಳ್ಳುತ್ತಿತ್ತು.

ಮೋಹನಪ್ಪನವರು ಡಬ್ಬಿ ತೆರೆದರು. “ಸಿಗ್ನಲ್ ಸರಿ ಇತ್ತು, ಬ್ರೇಕೂ ಹಿಡೀತು. ಆಗದ ಅಪಘಾತಕ್ಕ ಎನ್‌ಕ್ವೈರಿ ನಡ್ಸಾಕತ್ತೀಯಲ್ಲೋ! ಮದ್ಲ ಹೋಳಿಗಿ ತಿನ್ನು.”

ಮದುವೆಗೆ ಮುಂಚಿನ ಆ ನಡೆಯನ್ನು ನಾನು ಒಪ್ಪುವವನಲ್ಲ. ಅದನ್ನು ಅವನಿಗೆ ಹೇಳಿಯೂ ಬಿಟ್ಟೆ. ಆದರೆ ದಯಾಮಯನಾದ ದೇವರು ಯಾವ ಮಗನನ್ನೂ ರೋಗದ ಹೆಸರು ಹೇಳಿ ಹೆದರಿಸುತ್ತ ಕೂರುವುದಿಲ್ಲವೆಂಬುದು ನನ್ನ ದೃಢ ವಿಶ್ವಾಸ. ಮೂವರೂ ಮೊಣಕಾಲೂರಿ ಪ್ರಾರ್ಥಿಸಿದೆವು. ಮಾರನೆಯ ದಿನ ಅವನನ್ನು ತಾರ್ನಾಕದ ಡಾಕ್ಟರ್ ಶ್ರೀವಿದ್ಯಾ ಅವರ ಬಳಿಗೆ ಕರೆದೊಯ್ದೆ. ಮೈಸೂರಿನವರು, ನಗುಮುಖದವರು.

“ನೀವು ಹೇಳಿದ ಹಾಗಾದ್ರೆ ಎಚ್‌ಐವಿ ಅಪಾಯ ತುಂಬಾ ಕಡಿಮೆ,” ಎಂದರು. “ಚರ್ಮದಿಂದ ಹರಡೋ ಒಂದೆರಡು ಸೋಂಕು ಕಾಂಡೋಮಿಗೂ ಪೂರ್ತಿ ಬಗ್ಗೋದಿಲ್ಲ, ಹುಣ್ಣು, ಉರಿ ಏನಾದ್ರೂ ಕಂಡ್ರೆ ಬನ್ನಿ. ಸೋಂಕಿದ್ರೂ ಇಷ್ಟು ಬೇಗ ರಕ್ತಪರೀಕ್ಷೇಲಿ ಕಾಣಲ್ಲ, ನಾನು ಹೇಳಿದ ದಿನ ಮಾಡಿಸಿ. ಸಾಕು.”

“ಮತ್ತ ಪಾತ್ರಿ ಡಾಕ್ಟ್ರ?”

“ಒಂದೇ ಪಾತ್ರೇಲಿ ಕುಡಿದ್ರೆ ಎಚ್‌ಐವಿ ಹರಡಲ್ಲ ಕಣ್ರೀ. ಧೈರ್ಯವಾಗಿ ಕುಡೀರಿ.”

ಪರೀಕ್ಷೆಯ ದಿನಕ್ಕೆ ಮುಂಚೆಯೇ ಮುಂದಿನ ಕರ್ತನ ಭೋಜನ ಬಂತು. ಪಾತ್ರೆ ಎದುರಿಗೆ ಬಂದಾಗ ಸೂರಜ್ ಅದರ ಅಂಚನ್ನು ಎರಡೆರಡು ಸಲ ಒರೆಸಿದ. ಪಕ್ಕದಲ್ಲಿದ್ದ ಮೋಹನಪ್ಪನವರು, “ಲಗೂನ ಕುಡಿಯೋ, ನನ್ನ ಪಾಳಿ ಐತಿ,” ಎಂದು ಪಿಸುಗುಟ್ಟಿದರು. ಅವನು ಕುಡಿದ. ಅದೇ ಅಂಚಿಗೆ ತುಟಿಯಿಟ್ಟು ಅವರೂ ಕುಡಿದರು. ನನ್ನ ಎಷ್ಟೋ ಉಪದೇಶಗಳಿಗಿಂತ ಆ ಒಂದು ಗುಟುಕು ದೊಡ್ಡದೆಂದು ನನಗನ್ನಿಸಿತು.

ಪರೀಕ್ಷೆಯಲ್ಲಿ ಯಾವ ಸೋಂಕೂ ಕಾಣಲಿಲ್ಲ. ಮುಂದಿನ ಭಾನುವಾರದ ಸ್ತೋತ್ರಕೀರ್ತನೆ ಯಾವ ನಿಲ್ದಾಣದಲ್ಲೂ ನಿಲ್ಲದೆ ಧಾವಿಸಿತು. ಹಸಿರು ಬಾವುಟದ ಮಾತು ಕೊಟ್ಟಿದ್ದ ಮೋಹನಪ್ಪನವರು ಎರಡು ಚರಣಗಳವರೆಗೆ ತಾಳಿಕೊಂಡರು. ಮೂರನೆಯದಕ್ಕೆ ಜೇಬಿನಿಂದ ಕೆಂಪು ಕರ್ಚೀಫು ತೆಗೆದು ಜೋರಾಗಿ ಬೀಸತೊಡಗಿದರು.